ಮಾರ್ಬಲ್ ಕಟಿಂಗ್ ರಾಡಿ: ನಮ್ಮ ದಾವಣಗೆರೆ, ಚಿತ್ರದುರ್ಗದ ಸುತ್ತ ಇದು ಯಾರಿಗೆ ಬೇಕು?

ಪಿ.ಬಿ. ರೋಡ್ ಕಲ್ಲಿನ ಅಂಗಡಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಮ್ಮದು ಮಾರ್ಬಲ್, ಗ್ರಾನೈಟ್ ಮಾರುವ ಅಂಗಡಿ. ಮಾರ್ಬಲ್ ಸ್ಲ್ಯಾಬ್ ರಾಜಸ್ಥಾನದಿಂದ ಬರುತ್ತದೆ. ಇಲ್ಲಿ ಅಳತೆಗೆ ಕೊಯ್ದು, ಅಂಚು ಪಾಲಿಶ್ ಮಾಡಿ ಕೊಡುತ್ತೇವೆ. ಬ್ಲೇಡಿಗೆ ನೀರು ಬಿಟ್ಟುಕೊಂಡೇ ಕೊಯ್ಯಬೇಕು. ಆ ನೀರಿನ ಜೊತೆ ಪುಡಿಯೆಲ್ಲ ಹರಿದು ಹಿಂದಿನ ಗುಂಡಿಗೆ ಸೇರುತ್ತದೆ. ಗುಂಡಿ ತುಂಬಿದಾಗ ಟ್ರ್ಯಾಕ್ಟರ್ ಕರೆಸಿ ಎತ್ತಿಸಬೇಕು. ಮೊದಲು ಮನೆ ಕಟ್ಟುವವರು ತಗ್ಗು ತುಂಬಲು ಒಯ್ಯುತ್ತಿದ್ದರು. ಈಗ ಅವರೂ ಬೇಡ ಅನ್ನುತ್ತಾರೆ. ಕೆರೆ ಅಂಗಳಕ್ಕೋ ಹಳ್ಳದ ದಂಡೆಗೋ ಸುರಿಸಲು ನನಗೆ ಮನಸ್ಸಿಲ್ಲ.

ಓದಿದ ಕಡೆಯೆಲ್ಲ ಇದು ಸಿಮೆಂಟಿಗೆ ಬರುತ್ತದೆ, ಇಟ್ಟಿಗೆಗೆ ಬರುತ್ತದೆ, ಪೇಂಟಿಗೆ, ರಸ್ತೆಗೆ, ಗೊಬ್ಬರಕ್ಕೆ ಬರುತ್ತದೆ ಅಂತ ಇದೆ. ಹಾಗಿದ್ದರೆ ನಮ್ಮೂರಲ್ಲಿ ಒಬ್ಬರೂ ಕೇಳಿಕೊಂಡು ಬರುವುದಿಲ್ಲ ಯಾಕೆ? ದುಡ್ಡು ಕೊಡದಿದ್ದರೂ ಚಿಂತೆಯಿಲ್ಲ. ಸರಿಯಾದ ಕೆಲಸಕ್ಕೆ ಹೋದರೆ ಸಾಕು. ಕೆಲಸ ಮಾಡಿ ಗೊತ್ತಿರುವವರು ದಯವಿಟ್ಟು ಬರೆಯಿರಿ.

ಕೋಟೆನಾಡು ಸಿವಿಲ್, ಚಿತ್ರದುರ್ಗ

ಸರ್, ಮೊದಲು ಒಂದು ಮಾತು ಹೇಳಿ. ನಿಮ್ಮ ಗುಂಡಿಯಲ್ಲಿ ಇರುವುದು ಮಾರ್ಬಲ್ ಪುಡಿಯೋ, ಗ್ರಾನೈಟ್ ಪುಡಿಯೋ, ಎರಡೂ ಕಲೆತದ್ದೋ? ಯಾರೂ ಕೇಳಿಕೊಂಡು ಬರದೇ ಇರುವುದಕ್ಕೆ ಅರ್ಧ ಕಾರಣ ಅಲ್ಲೇ ಇದೆ.

ಮಾರ್ಬಲ್ ಅಂದರೆ ಸುಣ್ಣಕಲ್ಲು ಭೂಮಿಯೊಳಗೆ ಶಾಖಕ್ಕೂ ಒತ್ತಡಕ್ಕೂ ಸಿಕ್ಕಿ ಬದಲಾದದ್ದು. ಅದರಲ್ಲಿರುವುದು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ರಾಜಸ್ಥಾನದ ಮಕ್ರಾನಾದ ಕಲ್ಲು ಈ ಜಾತಿ. ರಾಜಸಮಂದ್ ಕಡೆಯ ಕಲ್ಲಿನಲ್ಲಿ ಮೆಗ್ನೀಷಿಯಂ ಸೇರಿ ಡಾಲೊಮೈಟ್ ಆಗಿರುತ್ತದೆ. ಗ್ರಾನೈಟ್ ಪೂರ್ತಿ ಬೇರೆ. ಅದರಲ್ಲಿ ಬೆಣಚುಕಲ್ಲಿನ ಅಂಶ, ಅಂದರೆ ಸಿಲಿಕಾ ಜಾಸ್ತಿ. ಸುಣ್ಣದ ಪುಡಿ ಬೇಕಾದವರಿಗೆ ಸಿಲಿಕಾ ಬೇಡ. ಸಿಲಿಕಾ ಬೇಕಾದವರಿಗೆ ಸುಣ್ಣ ಬೇಡ. ಎರಡನ್ನೂ ಒಂದೇ ಗುಂಡಿಗೆ ಬಿಟ್ಟರೆ ಇಬ್ಬರೂ ಕೈ ತೊಳೆದುಕೊಳ್ಳುತ್ತಾರೆ.

ಇನ್ನರ್ಧ ಕಾರಣ ನೀರು. ಗುಂಡಿಯಿಂದ ಎತ್ತಿದ ರಾಡಿಯಲ್ಲಿ ನೂರಕ್ಕೆ 35 ಪಾಲು ನೀರಿದೆ ಅಂದುಕೊಳ್ಳಿ. 15 ಟನ್ ಲೋಡಿನಲ್ಲಿ 5 ಟನ್‌ಗೂ ಮೇಲೆ ಬರೀ ನೀರು. ಆ ನೀರಿಗೆ ಬಾಡಿಗೆ ಕೊಟ್ಟು ಒಯ್ಯುವವರು ಯಾರಿದ್ದಾರೆ?

ರಾಜಸ್ಥಾನದ ಕಿಶನ್‌ಗಢದಲ್ಲಿ ರಾಡಿ ಸುರಿದು ಸುರಿದು ಬಿಳಿ ಗುಡ್ಡಗಳೇ ಎದ್ದಿವೆ. ಜನ ಅಲ್ಲಿಗೆ ಫೋಟೊ ತೆಗೆಸಿಕೊಳ್ಳಲು ಹೋಗುತ್ತಾರೆ. ಅಲ್ಲಿ ದೊಡ್ಡ ದೊಡ್ಡ ಬ್ಲಾಕುಗಳನ್ನೇ ಕೊಯ್ಯುವುದರಿಂದ ರಾಡಿ ರಾಶಿಗಟ್ಟಲೆ ಬರುತ್ತದೆ. ನೀವು ಓದಿದ ಪ್ರಯೋಗಗಳು ಹೆಚ್ಚಾಗಿ ಅಂತಹ ಕಡೆಯವು. ನಮ್ಮದು ರೆಡಿ ಸ್ಲ್ಯಾಬ್ ಕೊಯ್ಯುವ ಊರು. ಪ್ರಮಾಣ ಕಡಿಮೆ, ಕಲಬೆರಕೆ ಜಾಸ್ತಿ. ಹಾಗಾಗಿ ಅಲ್ಲಿ ನಡೆದದ್ದು ಇಲ್ಲಿ ಹಾಗೇ ನಡೆಯುವುದಿಲ್ಲ. ನಮಗೆ ಬೇಕಿರುವುದು ಹತ್ತಿರದ ಗಿರಾಕಿ.

ಪಿ.ಬಿ. ರೋಡ್ ಕಲ್ಲಿನ ಅಂಗಡಿ

ಎರಡೂ ಕಲೆತದ್ದೇ ಸರ್. ಮಷಿನ್ ಒಂದೇ, ಗುಂಡಿಯೂ ಒಂದೇ. ಅಡುಗೆಮನೆ ಕಟ್ಟೆಗೆ ಗ್ರಾನೈಟ್, ದೇವರ ಮನೆಗೆ, ಹಾಲ್‌ಗೆ ಮಾರ್ಬಲ್. ಯಾವ ಆರ್ಡರ್ ಬಂತೋ ಅದನ್ನು ಕೊಯ್ಯುತ್ತೇವೆ. ಬೇರೆ ಮಾಡುವುದು ಹೇಗೆ?

ಕೋಟೆನಾಡು ಸಿವಿಲ್

ಮಷಿನ್ ಒಂದೇ ಇರಲಿ, ತೊಂದರೆಯಿಲ್ಲ. ಕಾಲುವೆ ಕವಲೊಡೆಯಬೇಕು ಅಷ್ಟೆ. ಮಷಿನ್ ಕೆಳಗಿನ ಕಾಲುವೆಗೆ ಎರಡು ದಾರಿ ಮಾಡಿ, ನಡುವೆ ಒಂದು ತಗಡಿನ ಹಲಗೆ ಇಡಿ. ಗ್ರಾನೈಟ್ ಕೊಯ್ಯುವಾಗ ಹಲಗೆ ಈ ಕಡೆ, ಮಾರ್ಬಲ್ ಕೊಯ್ಯುವಾಗ ಆ ಕಡೆ. ದಿನದ ಆರ್ಡರ್‌ಗಳಲ್ಲಿ ಮಾರ್ಬಲ್ ಎಲ್ಲ ಒಟ್ಟಿಗೆ, ಗ್ರಾನೈಟ್ ಎಲ್ಲ ಒಟ್ಟಿಗೆ ಕೊಯ್ದರೆ ಹಲಗೆ ಪದೇ ಪದೇ ಮುಟ್ಟಬೇಕಿಲ್ಲ. ನಡುವೆ ಟೇಬಲ್ ಮೇಲೆ ಒಂದು ಬಕೆಟ್ ನೀರು ಹೊಡೆದರೆ ಸಾಕು.

ಹಿಂದೆ ನೆಟ್ ಅಂಟಿಸಿದ ಇಂಪೋರ್ಟೆಡ್ ಮಾರ್ಬಲ್ ಬಂದರೆ ಅದನ್ನು ಗ್ರಾನೈಟ್ ಕಡೆಗೇ ಬಿಡಿ. ಆ ನೆಟ್, ಎಪಾಕ್ಸಿ ಗೋಂದು ಕೊಯ್ದಾಗ ಪ್ಲಾಸ್ಟಿಕ್ ಚೂರಾಗಿ ರಾಡಿಯಲ್ಲಿ ಸೇರುತ್ತದೆ. ಪಾಲಿಶ್ ನೀರನ್ನೂ ಬಿಳಿ ಗುಂಡಿಗೆ ಬಿಡಬೇಡಿ. ಅದರಲ್ಲಿ ಆಕ್ಸಾಲಿಕ್ ಆಸಿಡ್, ಮೇಣ, ಪಾಲಿಶ್ ಕಲ್ಲಿನ ಚೂರು ಎಲ್ಲ ಇರುತ್ತದೆ.

ಕೆಮಿಸ್ಟ್ರಿ ಮೇಡಂ, ದಾವಣಗೆರೆ

ಬೇರೆ ಮಾಡಿದ ಮೇಲೆ ಸರಿಯಾಗಿ ಬೇರೆಯಾಗಿದೆಯೋ ಇಲ್ಲವೋ ನೋಡಲು ಎರಡು ಸುಲಭದ ದಾರಿ ಇವೆ. ಮೊದಲನೆಯದು ಮನೆಯಲ್ಲೇ ಆಗುತ್ತದೆ. ಒಣಗಿದ ಪುಡಿ ಒಂದು ಚಮಚ ತಟ್ಟೆಗೆ ಹಾಕಿ ನಿಂಬೆರಸ ಹಿಂಡಿ. ಮಾರ್ಬಲ್ ಆದರೆ ಗುಳ್ಳೆ ಏಳುತ್ತದೆ. ಡಾಲೊಮೈಟ್ ಆದರೆ ನಿಧಾನವಾಗಿ, ಸಣ್ಣಗೆ. ಗ್ರಾನೈಟ್ ಸುಮ್ನೆ ಒದ್ದೆಯಾಗುತ್ತದೆ ಅಷ್ಟೆ.

ಎರಡನೆಯದು ಲ್ಯಾಬ್‌ನಲ್ಲಿ. ಪುಡಿಯನ್ನು 105 ಡಿಗ್ರಿಯಲ್ಲಿ ಒಣಗಿಸಿ ತೂಗಿ, ಆಮೇಲೆ 1000 ಡಿಗ್ರಿ ಕುಲುಮೆಯಲ್ಲಿ ಸುಟ್ಟು ಮತ್ತೆ ತೂಗಬೇಕು. ಶುದ್ಧ ಕ್ಯಾಲ್ಸಿಯಂ ಕಾರ್ಬೊನೇಟ್ 100 ಗ್ರಾಂ ಇದ್ದರೆ 44 ಗ್ರಾಂ ಇಂಗಾಲದ ಡೈಆಕ್ಸೈಡ್ ಆಗಿ ಹೋಗುತ್ತದೆ, 56 ಗ್ರಾಂ ಉಳಿಯುತ್ತದೆ. ಡಾಲೊಮೈಟ್ ಆದರೆ ಸುಮಾರು 48 ಗ್ರಾಂ ಹೋಗುತ್ತದೆ. ಗ್ರಾನೈಟ್‌ನಲ್ಲಿ ಹೋಗುವುದು ತೀರಾ ಕಡಿಮೆ. ಹಾಗಾಗಿ ನಿಮ್ಮ ಮಾದರಿ 30 ಗ್ರಾಂ ಕಳೆದುಕೊಂಡರೆ ಮೂರನೇ ಒಂದು ಪಾಲಿನಷ್ಟು ಬೇರೆ ಏನೋ ಸೇರಿದೆ ಅಂತ ಲೆಕ್ಕ. ಕುಲುಮೆ ಇರುವ ಯಾವ ಕಾಲೇಜು ಲ್ಯಾಬ್‌ನಲ್ಲಾದರೂ ಇದನ್ನು ಮಾಡಬಹುದು. ನಮ್ಮಲ್ಲಿ ಯುಬಿಡಿಟಿ, ಬಿಐಇಟಿ ಎಂಜಿನಿಯರಿಂಗ್ ಕಾಲೇಜುಗಳಿವೆ, ಚಿತ್ರದುರ್ಗದಲ್ಲಿ ಎಸ್‌ಜೆಎಂಐಟಿ ಇದೆ. ಕೊನೆ ವರ್ಷದ ಮಕ್ಕಳಿಗೆ ಪ್ರಾಜೆಕ್ಟ್ ಬೇಕೇ ಬೇಕು. ವಿಭಾಗದ ಮುಖ್ಯಸ್ಥರನ್ನು ಕೇಳಿ ನೋಡಿ.

ಹರಿಹರ ಬ್ಲಾಕ್ ಯಾರ್ಡ್

ನಾನು ಸಿಮೆಂಟ್ ಬ್ಲಾಕ್, ಅಂಗಳಕ್ಕೆ ಹಾಸುವ ಪೇವರ್ ಮಾಡುವವನು. ಮಾರ್ಬಲ್ ರಾಡಿ ಬಳಸುತ್ತಿದ್ದೇನೆ. ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ಈ ವಿಷಯದಲ್ಲಿ ಎಲ್ಲರೂ "ಒಣಗಿಸಿ, ಪುಡಿ ಮಾಡಿ, ಜರಡಿ ಹಿಡಿಯಿರಿ" ಅನ್ನುತ್ತಾರೆ. ಅಷ್ಟೆಲ್ಲ ಮಾಡುವಷ್ಟರಲ್ಲಿ ಲಾಭ ಹೋಗಿರುತ್ತದೆ.

ಒಣಗಿದ ರಾಡಿ ಹೆಂಟೆಯಾಗುತ್ತದೆ. ಕೈಯಲ್ಲಿ ಹಿಸುಕಿದರೆ ಒಡೆಯುತ್ತದೆ, ಆದರೆ ಮಿಕ್ಸರ್‌ನಲ್ಲಿ ಒಡೆಯುವುದಿಲ್ಲ. ಬ್ಲಾಕಿಗೆ ನಾವು ಹಾಕುವ ಮಾಲು ಉದುರುದುರು ಇರುತ್ತದೆ, ನೀರು ಕಡಿಮೆ. ಅದರಲ್ಲಿ ಹೆಂಟೆ ಹಾಗೇ ಉರುಳುತ್ತಾ ಉಳಿಯುತ್ತದೆ. ಕ್ಯೂರಿಂಗ್ ಆದ ಮೇಲೆ ಬ್ಲಾಕ್ ಒಡೆದು ನೋಡಿದರೆ ಒಳಗೆ ಕಡಲೆಕಾಳು ಗಾತ್ರದ ಬಿಳಿ ಚುಕ್ಕೆ. ಉಗುರಲ್ಲಿ ಕೆರೆದರೆ ಉದುರುತ್ತದೆ. ಆ ಬ್ಲಾಕ್ ಅಲ್ಲೇ ಬಿರುಕು ಬಿಡುತ್ತದೆ.

ಹಾಗಾಗಿ ನಾವು ಒಣಗಿಸುವುದೇ ಇಲ್ಲ. ರಾಡಿಯನ್ನು ಡ್ರಮ್ಮಿಗೆ ಹಾಕಿ ನೀರು ಸೇರಿಸಿ ಮೋಟಾರ್ ಕೋಲಿನಲ್ಲಿ ಕದಡುತ್ತೇವೆ. ಮಜ್ಜಿಗೆ ಹದಕ್ಕೆ ಬರುತ್ತದೆ. ಕಾಂಕ್ರೀಟಿಗೆ ಹಾಕುವ ನೀರಿನ ಬದಲು ಅದನ್ನೇ ಹಾಕುತ್ತೇವೆ. ಎಷ್ಟು ಪುಡಿ ಹೋಗುತ್ತಿದೆ ಅಂತ ತಿಳಿಯಲು ಒಂದು ಲೀಟರ್ ಅಳತೆ ಪಾತ್ರೆ, ಒಂದು ತಕ್ಕಡಿ ಸಾಕು. ಬರೀ ನೀರು ಲೀಟರಿಗೆ 1 ಕೆ.ಜಿ. ತೂಗುತ್ತದೆ. ಮಾರ್ಬಲ್ ಪುಡಿ ನೀರಿಗಿಂತ 2.7 ಪಟ್ಟು ತೂಕ. ಕದಡಿದ ನೀರು ಲೀಟರಿಗೆ 1.2 ಕೆ.ಜಿ. ತೂಗಿದರೆ ಅದರಲ್ಲಿ ಸುಮಾರು 320 ಗ್ರಾಂ ಪುಡಿ, 880 ಗ್ರಾಂ ನೀರು ಇದೆ ಅಂತ ಲೆಕ್ಕ. ಒಂದು ಚೀಲ ಸಿಮೆಂಟಿನ ಮಾಲಿಗೆ ಇಂತಹದ್ದು 20 ಲೀಟರ್ ಹಾಕಿದರೆ 6 ಕೆ.ಜಿ. ಮೇಲೆ ಪುಡಿ ಹೋಯಿತು, 17 ಲೀಟರ್ ಮೇಲೆ ನೀರೂ ಹೋಯಿತು. ತೂಕ ಪ್ರತಿ ಡ್ರಮ್ಮಿಗೂ ನೋಡಲೇಬೇಕು. ಕಣ್ಣಳತೆ ನಂಬಬೇಡಿ. ಸ್ವಲ್ಪ ಹೊತ್ತು ನಿಂತರೆ ಪುಡಿ ತಳಕ್ಕೆ ಕೂರುತ್ತದೆ, ಮೇಲಿನ ನೀರು ಮಾತ್ರ ಹೋಗುತ್ತದೆ.

ಇದನ್ನು ನಾನು ಸಿಮೆಂಟ್ ಕಡಿಮೆ ಮಾಡಲು ಬಳಸುತ್ತಿಲ್ಲ. ಕ್ರಷರ್ ಡಸ್ಟ್ ಸ್ವಲ್ಪ ಕಡಿಮೆ ಮಾಡಿ ಆ ಜಾಗಕ್ಕೆ ಹಾಕುತ್ತೇನೆ. ಬ್ಲಾಕಿನ ಅಂಚು ಉದುರುವುದಿಲ್ಲ, ಮೈ ನುಣುಪಾಗಿ ಬರುತ್ತದೆ. ಪೇವರ್‌ನಲ್ಲಿ ಇನ್ನೂ ಚೆನ್ನ. ಕಲರ್ ಪೇವರ್ ಮೇಲಿನ ಪದರಕ್ಕೆ ಬಿಳಿ ಪುಡಿ ಸೇರಿಸಿದರೆ ಬಣ್ಣ ಎದ್ದು ಕಾಣುತ್ತದೆ.

ಕೋಟೆನಾಡು ಸಿವಿಲ್

ಯಾರ್ಡ್ ಅಣ್ಣನಿಗೆ ದೊಡ್ಡ ನಮಸ್ಕಾರ. ಈ ಥ್ರೆಡ್‌ನಲ್ಲಿ ಹುಡುಕುತ್ತಿದ್ದ ಉತ್ತರ ಇದೇ ಅನ್ನಿಸುತ್ತದೆ. ಹತ್ತಿರದ ಗಿರಾಕಿಗೆ ಒಣಗಿಸದೆ ರಾಡಿಯಾಗಿಯೇ ಕೊಡಬೇಕು. ಒಣಗಿಸುವ ಖರ್ಚು ದೂರದ ಗಿರಾಕಿಗೆ ಮಾತ್ರ.

ಇದನ್ನು ಓದಿ ನಾಳೆಯೇ ಶುರು ಮಾಡುವವರಿಗೆ ಎರಡು ಎಚ್ಚರಿಕೆ. ಎಂ-ಸ್ಯಾಂಡ್, ಕ್ರಷರ್ ಡಸ್ಟ್‌ನಲ್ಲಿ ಮೊದಲೇ ನುಣ್ಣನೆ ಪುಡಿ ಇರುತ್ತದೆ. ಕಲ್ಲು ಪುಡಿ ಮಾಡಿದ ಮರಳಿನಲ್ಲಿ 75 ಮೈಕ್ರಾನ್‌ಗಿಂತ ಸಣ್ಣದು ನೂರಕ್ಕೆ 15 ಪಾಲು ದಾಟಬಾರದು ಅಂತ ಭಾರತೀಯ ಮಾನಕ ಐಎಸ್ 383 ಹೇಳುತ್ತದೆ. ನಿಮ್ಮ ಡಸ್ಟ್ ಆಗಲೇ ಆ ಮಿತಿಯಲ್ಲಿದ್ದರೆ ಮಾರ್ಬಲ್ ಪುಡಿಗೆ ಅಲ್ಲಿ ಜಾಗವೇ ಇಲ್ಲ. ಹಾಗೆಯೇ ಹಾಕಿದರೆ ನೀರು ಜಾಸ್ತಿ ಕೇಳುತ್ತದೆ, ಒಣಗುವಾಗ ಕುಗ್ಗುತ್ತದೆ. ಬ್ಲಾಕಿಗೆ ಐಎಸ್ 2185 ಪ್ರಕಾರ ನೀರು ಹೀರುವುದು ತೂಕದ 10% ಒಳಗಿರಬೇಕು, ಒಣಗುವಾಗಿನ ಕುಗ್ಗುವಿಕೆ 0.06% ಒಳಗಿರಬೇಕು. 28 ದಿನದ ಬಲದ ಜೊತೆ ಇವೆರಡನ್ನೂ ಟೆಸ್ಟ್ ಮಾಡಿಸಿ.

ಇನ್ನೊಂದು, ಸಿಮೆಂಟಿನ ಬದಲು ಇದನ್ನು ಹಾಕುವ ಆಸೆ ಬೇಡ. ಇದು ಸಿಮೆಂಟಿನ ಹಾಗೆ ಗಟ್ಟಿಯಾಗುವ ವಸ್ತು ಅಲ್ಲ, ಸಂದು ತುಂಬುವ ವಸ್ತು. ಸಿಮೆಂಟಿನ 5ರಿಂದ 10% ಜಾಗಕ್ಕೆ ಹಾಕಿದರೆ ಬಲ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ. ಅದನ್ನು ದಾಟಿದರೆ ಬೀಳುತ್ತಾ ಹೋಗುತ್ತದೆ. ಅದೂ ಲ್ಯಾಬ್ ಲೆಕ್ಕ. ಮನೆಯ ಪಿಲ್ಲರ್, ಬೀಮ್‌ಗೆ ಸೈಟ್‌ನಲ್ಲಿ ನೀವಾಗಿಯೇ ಬೆರೆಸಲೇಬೇಡಿ.

ಇಟ್ಟಿಗೆ ಗೂಡು, ಹರಿಹರ ತಾಲೂಕು

ಸುಟ್ಟ ಇಟ್ಟಿಗೆಗೆ ಆಗುತ್ತದಾ ಸರ್? ನಮ್ಮದು ಕೆರೆ ಮಣ್ಣು.

ಕೆಮಿಸ್ಟ್ರಿ ಮೇಡಂ

ಆಗುತ್ತದೆ, ಆದರೆ ಸ್ವಲ್ಪವೇ, ಅದೂ ನುಣ್ಣಗೆ ಕಲೆತಿರಬೇಕು. ಹೆಂಟೆ ಉಳಿದರೆ ಗೂಡಿನ ಶಾಖಕ್ಕೆ ಅದು ಸುಟ್ಟ ಸುಣ್ಣವಾಗುತ್ತದೆ. ಆಮೇಲೆ ಮಳೆ ನೀರು ಕುಡಿದು ಅರಳುತ್ತದೆ, ಇಟ್ಟಿಗೆಯ ಮೈ ಚಕ್ಕೆ ಚಕ್ಕೆಯಾಗಿ ಹಾರುತ್ತದೆ. ಗೋಡೆ ಕಟ್ಟಿ ಗಿಲಾವು ಆದ ಮೇಲೆ ಹೀಗಾದರೆ ಮನೆಯವರ ಗತಿ ಏನು? ಬ್ಲಾಕ್ ಯಾರ್ಡ್‌ನವರ ಹಾಗೆ ನೀರಲ್ಲಿ ಕದಡಿ ಮಣ್ಣಿಗೆ ಸೇರಿಸಿದರೆ ಈ ಭಯ ಕಡಿಮೆ. ಸುಣ್ಣ ಸೇರಿದಷ್ಟೂ ಇಟ್ಟಿಗೆಯ ಕೆಂಪು ತಿಳಿಯಾಗುತ್ತದೆ. ನಿಮ್ಮ ಗಿರಾಕಿಗಳು ಕೆಂಪು ಕೇಳುವವರಾದರೆ ಮೊದಲು ಒಂದು ಸಾಲು ಸುಟ್ಟು ನೋಡಿ.

ಸುಣ್ಣದ ಗೂಡಿನ ಮನೆತನ, ಹೊಸದುರ್ಗ

ನಮ್ಮ ತಂದೆ ಸುಣ್ಣ ಸುಡುತ್ತಿದ್ದರು. ಮಾರ್ಬಲ್ ಪುಡಿಯಿಂದ ಸುಣ್ಣ ಮಾಡಬಹುದಲ್ವಾ ಅಂತ ಬಹಳ ಜನ ಕೇಳುತ್ತಾರೆ. ನಮ್ಮ ತರದ ಗೂಡಿನಲ್ಲಿ ಆಗುವುದಿಲ್ಲ. ಗೂಡಿನಲ್ಲಿ ಕಲ್ಲು, ಇದ್ದಿಲು ಪದರ ಪದರವಾಗಿ ತುಂಬುತ್ತಾರೆ. ಕಲ್ಲಿನ ಸಂದಿನಿಂದ ಗಾಳಿ ಮೇಲೆ ಹೋಗಬೇಕು, ಆಗಲೇ ಬೆಂಕಿ ಮೇಲೇರುವುದು. ಪುಡಿ ಸುರಿದರೆ ಸಂದು ಮುಚ್ಚಿ ಬೆಂಕಿ ಉಸಿರುಕಟ್ಟಿ ಆರುತ್ತದೆ. ಪುಡಿ ಸುಡಲು ತಿರುಗುವ ಗೂಡು ಬೇಕು. ಅದು ದೊಡ್ಡ ಕಾರ್ಖಾನೆಯವರ ಕೆಲಸ.

ಆದರೆ ಅಂಗಡಿಯಲ್ಲಿ ಕೊಯ್ದು ಉಳಿಯುವ ಮಾರ್ಬಲ್ ತುಂಡು ಇದೆಯಲ್ಲ, ಅದು ಗೂಡಿಗೆ ಒಳ್ಳೆ ಮಾಲು. ಮೊಸಾಯಿಕ್ ನೆಲಕ್ಕೂ ಅದನ್ನೇ ಒಡೆದು ಚಿಪ್ಸ್ ಮಾಡುತ್ತಾರೆ. ತುಂಡನ್ನು ರಾಡಿಯ ಜೊತೆ ಟ್ರ್ಯಾಕ್ಟರಿಗೆ ತುಂಬಿ ಕಳಿಸಬೇಡಿ. ಬೇರೆ ಇಡಿ.

ಅಡಿಕೆ ತೋಟ, ಚನ್ನಗಿರಿ

ನಮ್ಮ ತೋಟದ ಮಣ್ಣು ಹುಳಿ ಅಂತ ಟೆಸ್ಟ್‌ನಲ್ಲಿ ಬಂದಿದೆ. ಸುಣ್ಣ ಹಾಕಿ ಅಂದಿದ್ದಾರೆ. ಸುಣ್ಣದ ಬದಲು ಈ ಪುಡಿ ಹಾಕಬಹುದಾ?

ಹೊಲದ ವಿಜ್ಞಾನ, ಹಿರಿಯೂರು

ಅಣ್ಣಾ, ನಿಮ್ಮಲ್ಲಿ ಹಾಕಬಹುದು. ಹುಳಿ ಮಣ್ಣಿಗೆ ಹಾಕುವ ಕೃಷಿ ಸುಣ್ಣ ಅಂದರೆ ಬಹುಮಟ್ಟಿಗೆ ಇದೇ, ಪುಡಿ ಮಾಡಿದ ಸುಣ್ಣಕಲ್ಲು. ನುಣ್ಣಗಿದ್ದಷ್ಟೂ ಬೇಗ ಕೆಲಸ ಮಾಡುತ್ತದೆ, ಮಾರ್ಬಲ್ ಪುಡಿ ತುಂಬಾ ನುಣುಪು. ಡಾಲೊಮೈಟ್ ಜಾತಿಯದಾದರೆ ಮೆಗ್ನೀಷಿಯಂ ಕೂಡ ಸಿಗುತ್ತದೆ. ಎಷ್ಟು ಹಾಕಬೇಕು ಅನ್ನುವುದನ್ನು ಮಣ್ಣಿನ ಟೆಸ್ಟ್ ಕಾರ್ಡ್ ಹಿಡಿದು ಕೇಳಿ. ನಿಮ್ಮ ತಾಲೂಕಿನಲ್ಲೇ ಕತ್ತಲಗೆರೆ ಕೃಷಿ ಸಂಶೋಧನಾ ಕೇಂದ್ರ ಇದೆ, ದಾವಣಗೆರೆಯಲ್ಲಿ ತರಳಬಾಳು ಕೃಷಿ ವಿಜ್ಞಾನ ಕೇಂದ್ರ ಇದೆ.

ಆದರೆ ಬರೀ ಮಾರ್ಬಲ್ ಕೊಯ್ದ ರಾಡಿ ಮಾತ್ರ. ನೆಟ್ ಅಂಟಿಸಿದ ಸ್ಲ್ಯಾಬಿನದೂ ಬೇಡ, ಪಾಲಿಶ್ ನೀರಿನದೂ ಬೇಡ. ತೋಟಕ್ಕೆ ಹಾಕುವ ಮುಂಚೆ ಭಾರ ಲೋಹಗಳ ಟೆಸ್ಟ್ ಒಮ್ಮೆ ಮಾಡಿಸಿ. ವಜ್ರದ ಬ್ಲೇಡ್ ಸವೆಯುವಾಗ ಅದರ ಲೋಹವೂ ರಾಡಿಗೆ ಸೇರುತ್ತದೆ.

ಎರೆ ಹೊಲದವರು ಇದನ್ನು ಮುಟ್ಟಲೇಬೇಡಿ. ದಾವಣಗೆರೆ, ಜಗಳೂರು ಕಡೆಯ ಎರೆ ಭೂಮಿಯಲ್ಲಿ ಸುಣ್ಣದ ಅಂಶ ಮೊದಲೇ ಇದೆ. ಅಗೆದರೆ ಬಿಳಿ ಸುಣ್ಣದ ಹರಳು ಕೈಗೆ ಸಿಗುತ್ತದೆ. ಅದಕ್ಕೆ ಇನ್ನೂ ಸುಣ್ಣ ಸುರಿದರೆ ಸತು, ಕಬ್ಬಿಣದ ಅಂಶ ಬೆಳೆಗೆ ಸಿಗದೆ ಎಲೆ ಹಳದಿಯಾಗುತ್ತದೆ.

ಶೇಂಗಾ ಬೆಳೆಗಾರ, ಚಳ್ಳಕೆರೆ

ಶೇಂಗಾಕ್ಕೆ ಜಿಪ್ಸಂ ಬದಲು?

ಹೊಲದ ವಿಜ್ಞಾನ, ಹಿರಿಯೂರು

ಆಗುವುದಿಲ್ಲ. ಜಿಪ್ಸಂ ನೀರಲ್ಲಿ ಲೀಟರಿಗೆ 2 ಗ್ರಾಂ ಮೇಲೆ ಕರಗುತ್ತದೆ. ಊಡು (ಹೂವಿನಿಂದ ಮಣ್ಣಿಗೆ ಇಳಿಯುವ ಎಳೆ) ಇಳಿದು ಕಾಯಿ ಕಟ್ಟುವ ಹೊತ್ತಿಗೆ ಕ್ಯಾಲ್ಸಿಯಂ ಕಾಯಿಗೆ ಸಿಗಬೇಕು, ಗಂಧಕವೂ ಬೇಕು. ಮಾರ್ಬಲ್ ಪುಡಿ ಬರೀ ನೀರಲ್ಲಿ ಕರಗುವುದೇ ಇಲ್ಲ ಅನ್ನುವಷ್ಟು ಕಡಿಮೆ, ಗಂಧಕ ಅಂತೂ ಇಲ್ಲವೇ ಇಲ್ಲ. ಜಿಪ್ಸಂ ಜಾಗಕ್ಕೆ ಇದನ್ನು ಯಾರಾದರೂ ಮಾರಲು ಬಂದರೆ ವಾಪಸ್ ಕಳಿಸಿ.

ಕೋಳಿ ಫಾರಂನವರೂ ಕೇಳುವ ಮುಂಚೆ ಹೇಳಿಬಿಡುತ್ತೇನೆ. ಮೊಟ್ಟೆ ಕೋಳಿಗೆ ಬೇಕಿರುವುದು ಕಾಳು ಕಾಳಾದ ಸುಣ್ಣಕಲ್ಲು, ಅದು ಹೊಟ್ಟೆಯಲ್ಲಿ ನಿಂತು ರಾತ್ರಿಯೆಲ್ಲ ನಿಧಾನವಾಗಿ ಕರಗಬೇಕು. ರಾಡಿ ಪುಡಿ ಬೇಗ ದಾಟಿ ಹೋಗುತ್ತದೆ. ಬ್ಲೇಡಿನ ಲೋಹ ಸೇರಿರಬಹುದಾದ್ದನ್ನು ತಿನ್ನುವ ವಸ್ತುವಿಗೆ ಹಾಕುವುದು ಸರಿಯೂ ಅಲ್ಲ.

ಹೊಲದ ಬದು, ಹೊಳಲ್ಕೆರೆ

ನಮ್ಮ ಹೊಲದ ಬದುವಿನಲ್ಲಿ ಯಾರೋ ರಾತ್ರಿ ಇಂತಹ ರಾಡಿ ಸುರಿದು ಹೋಗಿದ್ದರು. ಮಳೆಗೆ ಹರಿದು ಹೊಲದೊಳಗೆ ಹರಡಿತು. ಒಣಗಿದ ಮೇಲೆ ನೆಲಕ್ಕೆ ಗಿಲಾವು ಮಾಡಿದ ಹಾಗೆ ಆಯಿತು. ನೀರು ಇಂಗಲಿಲ್ಲ, ಬಿತ್ತಿದ್ದು ಮೇಲೆ ಏಳಲಿಲ್ಲ. ಗಾಳಿ ಬಂದರೆ ಪಕ್ಕದ ಗಿಡದ ಎಲೆಯೆಲ್ಲ ಬೆಳ್ಳಗೆ. ಅಂಗಡಿಯವರು ಇಲ್ಲಿ ಬಂದು ಕೇಳುತ್ತಿರುವುದು ನೋಡಿ ಸಮಾಧಾನ ಆಯಿತು. ಟ್ರ್ಯಾಕ್ಟರಿನವನಿಗೆ ದುಡ್ಡು ಕೊಟ್ಟರೆ ಜವಾಬ್ದಾರಿ ಮುಗಿಯಿತು ಅಂದುಕೊಳ್ಳುವವರೇ ಜಾಸ್ತಿ.

ರಸ್ತೆ ಕಂಟ್ರಾಕ್ಟ್, ಚಿತ್ರದುರ್ಗ

ಡಾಂಬರ್ ರಸ್ತೆಯ ಮಾತು ಯಾರೂ ಎತ್ತಿಲ್ಲ. ಹಾಟ್ ಮಿಕ್ಸ್‌ನಲ್ಲಿ ಜಲ್ಲಿ, ಡಸ್ಟ್, ಡಾಂಬರ್ ಜೊತೆ ಫಿಲ್ಲರ್ ಅಂತ ನುಣ್ಣನೆ ಪುಡಿ ಹಾಕುತ್ತೇವೆ. ಕೇಂದ್ರ ರಸ್ತೆ ಸಚಿವಾಲಯದ ಸ್ಪೆಸಿಫಿಕೇಶನ್ ಪ್ರಕಾರ ಅದು 600 ಮೈಕ್ರಾನ್ ಜರಡಿಯಲ್ಲಿ ಪೂರ್ತಿ ಇಳಿಯಬೇಕು, 75 ಮೈಕ್ರಾನ್‌ನಲ್ಲಿ ನೂರಕ್ಕೆ 85 ಪಾಲಾದರೂ ಇಳಿಯಬೇಕು. ಕಲ್ಲಿನ ಪುಡಿ, ಸಿಮೆಂಟ್, ಅರಳಿದ ಸುಣ್ಣ ಮೂರಕ್ಕೂ ಅವಕಾಶ ಇದೆ. ಕಲ್ಲಿನ ಪುಡಿಯಾದರೆ ಅದರ ಪ್ಲಾಸ್ಟಿಸಿಟಿ ಇಂಡೆಕ್ಸ್, ಅಂದರೆ ಜೇಡಿಯ ಜಿಗುಟಿನ ಅಳತೆ, 4 ದಾಟಬಾರದು. ಮಾರ್ಬಲ್ ಪುಡಿ ಈ ಪರೀಕ್ಷೆಯಲ್ಲಿ ಪಾಸಾಗುವ ಮಾಲು.

ಗಂಟೆಗೆ 60 ಟನ್ ತೆಗೆಯುವ ಪ್ಲಾಂಟ್ ನೂರಕ್ಕೆ 2 ಪಾಲು ಫಿಲ್ಲರ್ ಹಾಕಿದರೂ ಗಂಟೆಗೆ 1 ಟನ್ ಮೇಲೆ ಬೇಕು. ಆದರೆ ಇಲ್ಲಿ ಪೂರ್ತಿ ಒಣಗಿರಲೇಬೇಕು, ಹೆಂಟೆ ಇರಬಾರದು. ಒದ್ದೆ ಪುಡಿ ಫೀಡರ್‌ನಲ್ಲಿ ಕಟ್ಟಿಕೊಳ್ಳುತ್ತದೆ. ಪ್ಲಾಂಟ್ ಬಾಗಿಲಿಗೆ ಒಣ ಪುಡಿ ತಂದುಕೊಡುವವರಿದ್ದರೆ, ಡಾಂಬರ್ ಮಾಲಿನ ಬಲ ನೋಡುವ ಮಾರ್ಷಲ್ ಟೆಸ್ಟ್ ಸರಿ ಬಂದರೆ, ಬೇಡ ಅನ್ನಲು ಕಾರಣ ಇಲ್ಲ.

ರಸ್ತೆ ಕೆಳಗಿನ ಎರೆ ಮಣ್ಣಿಗೆ ಬೆರೆಸಬಹುದು ಅಂತಲೂ ಹೇಳುತ್ತಾರೆ. ಬೆರೆಸಿದರೆ ಮಣ್ಣು ಉಬ್ಬುವುದು ಸ್ವಲ್ಪ ಕಡಿಮೆಯಾಗುತ್ತದೆ, ನಿಜ. ಆದರೆ ಸುಟ್ಟ ಸುಣ್ಣ ಮಣ್ಣಿನ ಜೊತೆ ಸೇರಿ ಗಟ್ಟಿಯಾಗುವ ಹಾಗೆ ಇದು ಆಗುವುದಿಲ್ಲ. ಸುಣ್ಣದ ಜಾಗಕ್ಕೆ ಇದನ್ನು ತೋರಿಸಿ ಬಿಲ್ ಮಾಡಿದರೆ ಮುಂದಿನ ಮಳೆಗಾಲಕ್ಕೆ ರಸ್ತೆ ಏಳುತ್ತದೆ.

ಪೇಂಟ್ ಅಂಗಡಿ, ಮಂಡಿಪೇಟೆ

ಪುಟ್ಟಿ, ಡಿಸ್ಟೆಂಪರ್, ಪಿವಿಸಿ ಪೈಪ್, ಪಾತ್ರೆ ತೊಳೆಯುವ ಪುಡಿ, ರಂಗೋಲಿ ಪುಡಿ ಎಲ್ಲದರಲ್ಲೂ ಕ್ಯಾಲ್ಸೈಟ್, ಡಾಲೊಮೈಟ್ ಪುಡಿ ಹೋಗುತ್ತದೆ. ಬೆಲೆಯೂ ಇಲ್ಲೇ ಜಾಸ್ತಿ. ಆದರೆ ಇವರೆಲ್ಲ ಮೊದಲು ನೋಡುವುದು ಬಿಳುಪು. ಗ್ರಾನೈಟ್ ಒಂದು ಹಿಡಿ ಸೇರಿದರೂ ಬೂದು ಬಣ್ಣ ಬರುತ್ತದೆ. ಕಬ್ಬಿಣದ ತುಕ್ಕು ಸೇರಿದರೆ ಹಳದಿ. ಪ್ರತಿ ಲೋಡೂ ಒಂದೇ ತರ ಇರಬೇಕು, ಇದು ಇನ್ನೂ ಕಷ್ಟ. ಸದ್ಯಕ್ಕೆ ಕೆಳಗಿನ ದರ್ಜೆಯ ಕೆಲಸಕ್ಕೆ, ಟೈಲ್ಸ್ ಕೂರಿಸುವ ಗೋಂದು ತರದ್ದಕ್ಕೆ ಕೇಳಿ ನೋಡಬಹುದು. ಅಲ್ಲಿ ಬಣ್ಣಕ್ಕೆ ಅಷ್ಟು ಮಹತ್ವ ಇಲ್ಲ.

ರಂಗೋಲಿಗೆ ಮಾತ್ರ ಗ್ರಾನೈಟ್ ಕಲೆತ ಪುಡಿ ಬೇಡವೇ ಬೇಡ. ಹೆಣ್ಣುಮಕ್ಕಳು ಬಗ್ಗಿ ಕೈಯಲ್ಲಿ ಬಿಡುವ ಪುಡಿ ಅದು, ಮೂಗಿಗೆ ಹೋಗುತ್ತದೆ.

ಗಣಿ ಸೀಮೆ, ಬಳ್ಳಾರಿ

ದೊಡ್ಡ ಕಾರ್ಖಾನೆಗಳ ಲೆಕ್ಕವನ್ನೂ ಹೇಳುತ್ತೇನೆ. ತೋರಣಗಲ್ಲು, ಹೊಸಪೇಟೆ, ಕೊಪ್ಪಳದ ಕಡೆ ಕಬ್ಬಿಣದ ಅದಿರಿನ ಪುಡಿಯನ್ನು ಸುಟ್ಟು ಗಟ್ಟಿ (ಸಿಂಟರ್), ಉಂಡೆ (ಪೆಲೆಟ್) ಮಾಡುವಾಗ ಸುಣ್ಣಕಲ್ಲು, ಡಾಲೊಮೈಟ್ ಬೆರೆಸುತ್ತಾರೆ. ಪೆಲೆಟ್‌ಗೆ ಅದನ್ನು ನುಣ್ಣಗೆ ಅರೆಯಲೇಬೇಕು. ನಿಮ್ಮದು ಅರೆದೇ ಬಂದಿದೆ, ಡಾಲೊಮೈಟ್ ಆದರೂ ಅಲ್ಲಿ ಬೇಡ ಅನ್ನುವುದಿಲ್ಲ. ಆದರೆ ಸಿಲಿಕಾ ಬೇಡ, ಮತ್ತು ಅವರು ಮಾತಾಡುವುದು ಸಾವಿರ ಟನ್‌ಗಳ ಲೆಕ್ಕದಲ್ಲಿ. ಒಂದು ಅಂಗಡಿಯ ರಾಡಿಗೆ ಗೇಟ್ ತೆಗೆಯುವುದಿಲ್ಲ.

ಕಲ್ಲಿದ್ದಲು ವಿದ್ಯುತ್ ಸ್ಥಾವರದ ಹೊಗೆಯಲ್ಲಿರುವ ಗಂಧಕ ಹಿಡಿಯಲು ಸುಣ್ಣಕಲ್ಲು ಪುಡಿ ಬಳಸುತ್ತಾರೆ, ಅದರಿಂದ ಜಿಪ್ಸಂ ಬರುತ್ತದೆ. 1 ಟನ್ ಗಂಧಕದ ಡೈಆಕ್ಸೈಡ್‌ಗೆ ಸುಮಾರು 1.6 ಟನ್ ಪುಡಿ ಬೇಕು. 2015ರಲ್ಲಿ ಕೇಂದ್ರ ಸರ್ಕಾರ ಹೊಗೆಯ ಗಂಧಕಕ್ಕೆ ಮಿತಿ ಹಾಕಿದಾಗ ಇದು ದೊಡ್ಡ ಮಾರುಕಟ್ಟೆ ಆಗುತ್ತದೆ ಅಂದುಕೊಂಡಿದ್ದೆವು. 2025ರ ಜುಲೈನಲ್ಲಿ ಬಹುಪಾಲು ಸ್ಥಾವರಗಳಿಗೆ ವಿನಾಯಿತಿ ಸಿಕ್ಕಿತು. ಅದನ್ನು ನಂಬಿ ಕೂರಬೇಡಿ.

ಕೋಟೆನಾಡು ಸಿವಿಲ್

ಸಿಮೆಂಟ್ ಕಾರ್ಖಾನೆಯ ಮಾತೂ ಹೆಚ್ಚು ಕಡಿಮೆ ಹಾಗೆಯೇ. ಕಲಬುರಗಿ ಕಡೆಯ ಕಾರ್ಖಾನೆಗಳು ಸುಣ್ಣಕಲ್ಲಿನ ಗಣಿಯ ಪಕ್ಕದಲ್ಲೇ ಇವೆ. ಅವರಿಗೆ ನಮ್ಮ ಪುಡಿ ಯಾಕೆ ಬೇಕು? ಡಾಲೊಮೈಟ್ ಆದರೆ ಸಿಮೆಂಟ್ ಅರೆಯುವ ಮುಂಚಿನ ಸುಟ್ಟ ಗಟ್ಟಿಗೆ, ಅಂದರೆ ಕ್ಲಿಂಕರ್‌ಗೆ ಬರುವುದೂ ಇಲ್ಲ, ಸಿಮೆಂಟಿನಲ್ಲಿ ಮೆಗ್ನೀಷಿಯಾ 6% ದಾಟುವಂತಿಲ್ಲ. ಮುಂದೆ ಒಂದು ದಾರಿ ತೆರೆಯಬಹುದು. ಸುಟ್ಟ ಜೇಡಿಮಣ್ಣು, ಸುಡದ ಸುಣ್ಣಕಲ್ಲು ಪುಡಿ ಬೆರೆಸುವ ಹೊಸ ಸಿಮೆಂಟಿಗೆ 2023ರಲ್ಲಿ ಐಎಸ್ 18189 ಬಂದಿದೆ. ಅದರ ಸಾಮಾನ್ಯ ಪಾಕದಲ್ಲಿ ಕ್ಲಿಂಕರ್ ಅರ್ಧ, ಸುಟ್ಟ ಜೇಡಿ 30 ಪಾಲು, ಸುಣ್ಣಕಲ್ಲು 15 ಪಾಲು, ಉಳಿದದ್ದು ಜಿಪ್ಸಂ. ಅದರಲ್ಲಿ ಕ್ಲಿಂಕರ್‌ಗೆ ಬಾರದ ಕೆಳದರ್ಜೆ ಸುಣ್ಣಕಲ್ಲೂ ನಡೆಯುತ್ತದೆ. ಹತ್ತಿರದಲ್ಲಿ ಯಾರಾದರೂ ಇದನ್ನು ಅರೆಯಲು ಶುರು ಮಾಡಿದರೆ ಮೊದಲು ಹೋಗಿ ಮಾತಾಡಬೇಕಾದವರು ನಾವೇ.

ಗ್ರಾನೈಟ್ ರಾಡಿಗೂ ಒಂದು ಮಾತು. ಅದರ ಸಿಲಿಕಾ ಎಎಸಿ ಅನ್ನುವ ಹಗುರ ಬ್ಲಾಕ್ ಮಾಡುವವರಿಗೆ ಬರುತ್ತದೆ. ಅವರು ಉಗಿಯ ಒತ್ತಡದಲ್ಲಿ 180 ಡಿಗ್ರಿ ಮೇಲೆ ಬೇಯಿಸುವುದರಿಂದ ಸಿಲಿಕಾ ಸುಣ್ಣದ ಜೊತೆ ಸೇರಿ ಗಟ್ಟಿಯಾಗುತ್ತದೆ. ಕೆಂಪು ಮಣ್ಣಿನ ಒತ್ತಿದ ಬ್ಲಾಕಿಗೂ ಜೇಡಿ ಜಾಸ್ತಿಯಿದ್ದರೆ ಇದನ್ನು ಸೇರಿಸಬಹುದು.

ಪಾಲಿಶ್ ಕೆಲಸದವರ ಮನೆ

ನಮ್ಮ ಯಜಮಾನರು ಗ್ರಾನೈಟ್ ಕಟಿಂಗ್ ಕೆಲಸ ಮಾಡುತ್ತಿದ್ದರು. ಈಗ ಮೆಟ್ಟಿಲು ಹತ್ತಲು ಆಗುವುದಿಲ್ಲ. ಇಷ್ಟೆಲ್ಲ ಓದಿದೆ, ಎಲ್ಲ ಒಳ್ಳೆಯದೇ. ಆದರೆ ಒಣಗಿಸುವುದು, ಜರಡಿ ಹಿಡಿಯುವುದು, ಚೀಲ ತುಂಬುವುದು ಇವನ್ನೆಲ್ಲ ಮಾಡುವವರು ಯಾರು? ಕೂಲಿ ಹೆಣ್ಣುಮಕ್ಕಳೇ ಅಲ್ವಾ? ಒದ್ದೆ ಇದ್ದಾಗ ಏನೂ ಮಾಡದ ರಾಡಿ ಒಣಗಿದ ಮೇಲೆ ಎದೆಗೆ ಹೋಗುತ್ತದೆ. ಸೆರಗು, ಟವೆಲ್ ಕಟ್ಟಿಕೊಂಡರೆ ಏನೂ ತಡೆಯುವುದಿಲ್ಲ. ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಕೆಮಿಸ್ಟ್ರಿ ಮೇಡಂ

ಅಕ್ಕಾ, ನೀವು ಹೇಳಿದ್ದು ಎಲ್ಲಕ್ಕಿಂತ ಮೊದಲು ಬರಬೇಕಾದ ಮಾತು. ಗ್ರಾನೈಟ್ ಪುಡಿಯ ಸಿಲಿಕಾ ಶ್ವಾಸಕೋಶದಲ್ಲಿ ಕೂತರೆ ಸಿಲಿಕೋಸಿಸ್ ಬರುತ್ತದೆ, ಅದನ್ನು ವಾಸಿ ಮಾಡುವ ಔಷಧಿ ಇಲ್ಲ. ಮಾರ್ಬಲ್‌ನಲ್ಲಿ ಸಿಲಿಕಾ ಕಡಿಮೆ, ಆದರೆ ಕಲಬೆರಕೆ ರಾಡಿಯಲ್ಲಿ ಆ ಧೈರ್ಯ ಇಲ್ಲ. ಬೇರೆ ಬೇರೆ ಗುಂಡಿ ಮಾಡಬೇಕು ಅನ್ನುವುದಕ್ಕೆ ಇದೂ ಒಂದು ದೊಡ್ಡ ಕಾರಣ. ಗ್ರಾನೈಟ್ ಕಡೆಯ ರಾಡಿಯನ್ನು ಒದ್ದೆಯಾಗಿಯೇ ಬಳಸುವ ಕೆಲಸಕ್ಕೆ ಮಾತ್ರ ಕೊಡಿ. ಕೈಯಲ್ಲಿ ಜರಡಿ ಹಿಡಿಸಲೇಬೇಡಿ. ಒಣ ಪುಡಿ ಮುಟ್ಟುವ ಜಾಗದಲ್ಲಿ ಧೂಳು ಹೀರುವ ಫ್ಯಾನ್ ಇರಲಿ, ಎನ್95 ಮಾಸ್ಕ್ ಮಾಲೀಕರೇ ಕೊಡಲಿ. ನಿಮ್ಮ ಯಜಮಾನರಿಗೆ ಎಕ್ಸ್‌ರೇ ಮಾಡಿಸುವಾಗ ಕಲ್ಲಿನ ಧೂಳಿನಲ್ಲಿ ಎಷ್ಟು ವರ್ಷ ಕೆಲಸ ಮಾಡಿದ್ದರು ಅಂತ ಡಾಕ್ಟರಿಗೆ ತಪ್ಪದೆ ಹೇಳಿ. ಇದನ್ನು ಟಿಬಿ ಅಂತ ತಪ್ಪು ತಿಳಿಯುವುದುಂಟು, ಇದಿದ್ದವರಿಗೆ ಟಿಬಿ ಬರುವ ಸಾಧ್ಯತೆಯೂ ಜಾಸ್ತಿ.

ಪಿ.ಬಿ. ರೋಡ್ ಕಲ್ಲಿನ ಅಂಗಡಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಕ್ಕಾ, ನಮ್ಮಲ್ಲಿ ಒಣ ಕಟಿಂಗ್ ಮಾಡಿಸುವುದಿಲ್ಲ, ಮಾಸ್ಕ್ ವಿಷಯ ಇವತ್ತೇ ಹುಡುಗರ ಜೊತೆ ಮಾತಾಡುತ್ತೇನೆ. ಕಾಲುವೆ ಕವಲು ಮಾಡಿಸಲು ಗಾರೆಯವರಿಗೆ ಹೇಳಿದ್ದೇನೆ. ಬಿಳಿ ರಾಡಿ ಹರಿಹರದ ಯಾರ್ಡ್‌ಗೆ ಕೊಡಬಹುದಾ? ನಮ್ಮ ಸಾಲಿನಲ್ಲಿ ಇನ್ನೂ ನಾಲ್ಕೈದು ಅಂಗಡಿ ಇವೆ. ಎಲ್ಲರೂ ಸೇರಿ ಫಿಲ್ಟರ್ ಪ್ರೆಸ್ ಹಾಕಿದರೆ ಹೇಗೆ?

ಕೋಟೆನಾಡು ಸಿವಿಲ್

ಪ್ರೆಸ್ ಈಗಲೇ ಬೇಡ ಸರ್. ಪ್ರೆಸ್ ನೀರನ್ನು ಹಿಂಡಿ ಬಿಲ್ಲೆ ಮಾಡಿಕೊಡುತ್ತದೆ, ನೀರು ಮತ್ತೆ ಮಷಿನ್‌ಗೆ ಬರುತ್ತದೆ. ಬೋರ್ ನೀರು ಟ್ಯಾಂಕರ್‌ನಲ್ಲಿ ತರಿಸುವವರಿಗೆ ಅದೊಂದೇ ಸಾಕಷ್ಟು ಲಾಭ. ಆದರೆ ಮೊದಲು ಕೆಲವು ತಿಂಗಳು ಎರಡೂ ಗುಂಡಿಗೆ ಎಷ್ಟು ಬರುತ್ತದೆ ಅಂತ ಬರೆದಿಡಿ. ರಸ್ತೆ ಕಂಟ್ರಾಕ್ಟ್‌ನವರು ಬರೆದ ಹಾಟ್ ಮಿಕ್ಸ್ ಗಿರಾಕಿ ಖಾತ್ರಿಯಾದ ಮೇಲೆ ಎಲ್ಲ ಅಂಗಡಿ ಸೇರಿ ಪ್ರೆಸ್ ಯೋಚಿಸಿ. ಅಲ್ಲಿಯವರೆಗೆ ಒಂದರ ಪಕ್ಕ ಒಂದು ಮೂರು ತೊಟ್ಟಿ ಕಟ್ಟಿ. ಮೊದಲನೆಯದರಲ್ಲಿ ದಪ್ಪ ಪುಡಿ ಕೂರುತ್ತದೆ, ಮೂರನೆಯದರ ತಿಳಿನೀರು ಮಷಿನ್‌ಗೆ ವಾಪಸ್. ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಪತ್ರದಲ್ಲಿ ರಾಡಿಯ ವಿಲೇವಾರಿ ಬಗ್ಗೆ ಏನು ಬರೆದಿದೆ ಅಂತಲೂ ತೆಗೆದು ನೋಡಿ. ಯಾರಿಗೆ ಎಷ್ಟು ಲೋಡು ಕೊಟ್ಟಿರಿ ಅನ್ನುವುದಕ್ಕೆ ಚೀಟಿ ಇರಲಿ.

ಹರಿಹರ ಬ್ಲಾಕ್ ಯಾರ್ಡ್

ಧಾರಾಳವಾಗಿ ಕೊಡಿ ಅಣ್ಣಾ. ಮೊದಲು ಒಂದು ಬಕೆಟ್ ಮಾದರಿ ಕಳಿಸಿ, ನಿಂಬೆರಸ ಹಾಕಿ ನೋಡಿ ಆರು ಬ್ಲಾಕ್ ಒತ್ತಿಸುತ್ತೇನೆ. 28 ದಿನ ಕಾಯೋಣ. ಸರಿ ಬಂದರೆ ಟ್ರ್ಯಾಕ್ಟರ್ ಬಾಡಿಗೆ ನಿಮ್ಮದು ಅರ್ಧ, ನನ್ನದು ಅರ್ಧ. ಮಳೆಗಾಲದಲ್ಲಿ ನಮ್ಮಲ್ಲಿ ಕೆಲಸ ಕಡಿಮೆ, ಆಗ ಎರಡು ತಿಂಗಳ ರಾಡಿ ಹಿಡಿಯುವಷ್ಟು ದೊಡ್ಡ ತೊಟ್ಟಿ ನಿಮ್ಮಲ್ಲೇ ಇರಬೇಕು. ಕಟ್ಟಿಸುವಾಗಲೇ ಅದನ್ನು ಲೆಕ್ಕ ಹಾಕಿಕೊಳ್ಳಿ.